ಸೆರೆಮನೆಯ ದಿನಗಳ ಲೆಕ್ಕ

ಉಬ್ರಾಣಿಯ ಕಡೆ ಅಡಕೆಯ ಕೊಯ್ಲಿನ ಕಾಲ. ಯಾರದೋ ಕಣದಲ್ಲಿ ಒಣಹಾಕಿದ್ದ ಅಡಕೆ ಕಾಣದೆ ಹೋಗಿ, ಬಡವರ ಮನೆಯ ಇಪ್ಪತ್ತು ವರ್ಷದ ಹುಡುಗನ ಮೇಲೆ ಸಂಶಯ ಬಿದ್ದಿತೆಂದು ಭಾವಿಸೋಣ. ಪೊಲೀಸರು ಅವನನ್ನು ಕರೆದೊಯ್ದರು. ಅವರೇ ಬಿಡಬೇಕೆಂದು ನಂಬಿ ತಾಯಿಯು ದಿನವೂ ಠಾಣೆಯ ಮುಂದೆ ಕುಳಿತಿರುವಳು. ಯಾವ ಬಾಗಿಲು ಯಾರ ವಶವೆಂಬುದನ್ನು ಆಕೆಗೆ ಹೇಳಿದವರೇ ಇಲ್ಲ. ಇಂತಹ ಅಮಂಗಳದ ಮಾತು ಸಂಸಾರಸ್ಥರಿಗೇತಕ್ಕೆಂದು ವಾಚಕರು ಪುಟವನ್ನು ತಿರುವದಿರಲಿ.

ಹಿಡಿದವನನ್ನು ಪೊಲೀಸರು ಇಪ್ಪತ್ನಾಲ್ಕು ಗಂಟೆಗಳೊಳಗಾಗಿ ನ್ಯಾಯಾಧೀಶರ ಮುಂದೆ ನಿಲ್ಲಿಸತಕ್ಕದ್ದು. ನ್ಯಾಯಾಂಗದ ಬಂಧನಕ್ಕೆ ಆಜ್ಞೆಯಾದ ಮೇಲೆ ಅವನು ಪೊಲೀಸರ ಕೈಯಿಂದ ಕಾರಾಗೃಹದ ಇಲಾಖೆಯ ಕೈಗೆ ಬರುವನು. ಇದು ಗೃಹ ಇಲಾಖೆಗೆ ಅಧೀನವಾದರೂ ಪೊಲೀಸು ಠಾಣೆಗಳಿಂದ ಬೇರೆಯಾದ ಆಡಳಿತ. ನ್ಯಾಯಾಲಯದ ಬರಹವಿಲ್ಲದೆ ಜೈಲಿನ ಅಧಿಕಾರಿಯು ಯಾರನ್ನೂ ಒಳಕ್ಕೆ ಸೇರಿಸಲಾರನು. ಜಾಮೀನಿನ ಆಜ್ಞೆ ಬಾರದೆ, ಮರುಕವಿದ್ದರೂ, ಹೊರಗೆ ಬಿಡಲಾರನು.

ನಮ್ಮ ಸಂವಿಧಾನವು ಸೆರೆಮನೆಗಳನ್ನು ರಾಜ್ಯಗಳ ಪಾಲಿಗೆ ಬಿಟ್ಟಿದೆ. ಕರ್ನಾಟಕದಲ್ಲಿ ಇದಕ್ಕೆ 1963ನೆಯ ಇಸವಿಯ ಕಾಯಿದೆಯುಂಟು. ಬೆಂಗಳೂರು, ಮೈಸೂರು, ಶಿವಮೊಗ್ಗ, ಬಳ್ಳಾರಿ, ಬೆಳಗಾವಿ, ಧಾರವಾಡ, ವಿಜಯಪುರ, ಕಲಬುರಗಿಗಳಲ್ಲಿ ಕೇಂದ್ರ ಕಾರಾಗೃಹಗಳಿವೆ. ಜಿಲ್ಲೆ ತಾಲ್ಲೂಕುಗಳಲ್ಲಿ ಚಿಕ್ಕವು. ಬೆಂಗಳೂರಿನ ಹಳೆಯ ಕೇಂದ್ರ ಕಾರಾಗೃಹವಂತೂ ಈಗ ಸ್ವಾತಂತ್ರ್ಯ ಉದ್ಯಾನವಾಗಿ, ಜನರು ಸಂಜೆ ತಿರುಗಾಡುವ ಸ್ಥಳವಾಗಿದೆ. 1975ರ ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರನ್ನು ಇಟ್ಟಿದ್ದುದು ಅಲ್ಲಿಯೇ.

ಒಳಗೆ ಸ್ತ್ರೀಯರು ಬೇರೆ, ಪುರುಷರು ಬೇರೆ. ಶಿಕ್ಷೆ ಹೊಂದಿದವರು ಬೇರೆ, ವಿಚಾರಣೆಯಲ್ಲಿರುವವರು ಬೇರೆ ಇರತಕ್ಕುದೆಂಬುದು ನಿಯಮ. ಕಠಿಣ ಶಿಕ್ಷೆಯವರು ದುಡಿದು ಕೂಲಿ ಪಡೆಯುವರು. ತಾಯಿಯೊಡನೆ ಎಳೆಯ ಮಗುವು ಆರು ವರ್ಷ ತುಂಬುವವರೆಗೆ ಇರಬಹುದು. ಯಾರು ಕಸ ಗುಡಿಸಬೇಕು, ಯಾರು ಅಡಿಗೆ ಮಾಡಬೇಕೆಂಬುದನ್ನು ಜಾತಿ ನೋಡಿ ಹಂಚುವ ಪದ್ಧತಿಯು ಸಂವಿಧಾನಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು 2024ರ ಅಕ್ಟೋಬರಿನಲ್ಲಿ ತೀರ್ಪಿತ್ತಿತು. ಅಷ್ಟು ತಡವಾಗಿ ಹೇಳಬೇಕಾಗಿ ಬಂದುದು ನಾಚಿಕೆಯ ಸಂಗತಿ.

ಇನ್ನೂ ದೊಡ್ಡ ನಾಚಿಕೆಯೊಂದಿದೆ. 2022ರ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣೆಯಲ್ಲಿದ್ದವರು. ಎಂದರೆ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸ್ಥಾಪಿತವಾಗಿರಲಿಲ್ಲ. ಹಣವುಳ್ಳವನು ಜಾಮೀನು ಕೊಟ್ಟು ಹೊರಬೀಳುವನು. ಇಲ್ಲದವನು ತನ್ನ ಸರದಿಯನ್ನು ಕಾಯುತ್ತ ಒಳಗೇ ಉಳಿಯುವನು.

1-7-2024ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಪ್ರಕರಣವು ಇಂತಹವರಿಗಾಗಿಯೇ ಇದೆ. ಆರೋಪಕ್ಕೆ ವಿಧಿಸಬಹುದಾದ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗಿದ್ದವನಿಗೆ ಸಾಮಾನ್ಯವಾಗಿ ಜಾಮೀನು ದೊರೆಯತಕ್ಕದ್ದು. ಹಿಂದೆಂದೂ ಶಿಕ್ಷೆ ಹೊಂದದವನಿಗೆ ಮೂರನೆಯ ಒಂದು ಪಾಲೇ ಸಾಕು. ಸಾದಾ ಕಳ್ಳತನಕ್ಕೆ ಗರಿಷ್ಠ ಶಿಕ್ಷೆಯು ಮೂರು ವರ್ಷ; ಆದುದರಿಂದ ನಮ್ಮ ಹುಡುಗನಿಗೆ ಒಂದು ವರ್ಷ. ಅದಕ್ಕೂ ಮೊದಲೇ, ಅರುವತ್ತು ದಿನಗಳಲ್ಲಿ ಪೊಲೀಸರು ಆರೋಪಪಟ್ಟಿಯನ್ನು ಸಲ್ಲಿಸದಿದ್ದರೆ, ಜಾಮೀನು ಕೊಡಲು ಸಿದ್ಧನಾದವನಿಗೆ ಬಿಡುಗಡೆಯ ಹಕ್ಕುಂಟು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯಾಗಬಹುದಾದ ಅಪರಾಧಗಳಿಗೂ, ಹಲವು ಮೊಕದ್ದಮೆಗಳಿರುವವರಿಗೂ ಈ 479ನೆಯ ಪ್ರಕರಣವು ಅನ್ವಯಿಸದು.

ಅವಧಿ ತುಂಬಿದ ಕೂಡಲೆ ನ್ಯಾಯಾಲಯಕ್ಕೆ ಬರೆದು ತಿಳಿಸುವುದು ಜೈಲಿನ ಮೇಲ್ವಿಚಾರಕನ ಕರ್ತವ್ಯವೆಂದು ಕಾಯಿದೆಯೇ ಹೇಳುತ್ತದೆ. ಆದರೆ ನೂರಾರು ಹೆಸರುಗಳ ದಫ್ತರದಲ್ಲಿ ಒಂದು ಹೆಸರು ತಪ್ಪಿಹೋಗುವುದು ಅಸಂಭವವೇ? ಮನೆಯವರೂ ಲೆಕ್ಕವಿಡುವುದು ಒಳಿತು. ಬಂಧನದಲ್ಲಿರುವವನು ಬಡವನಾಗಲಿ ಅಲ್ಲದಿರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲನನ್ನು ಪಡೆಯುವುದಕ್ಕೆ ಹಣ ಕೊಡಬೇಕಾಗಿಲ್ಲ. ಫೋನಿನ ಸಂಖ್ಯೆ 15100.

ಉಬ್ರಾಣಿಯ ಆ ತಾಯಿಯು ಇನ್ನು ಠಾಣೆಯ ಜಗಲಿಯನ್ನು ಬಿಟ್ಟು ಚನ್ನಗಿರಿಯ ನ್ಯಾಯಾಲಯಕ್ಕೆ ಹೋಗಿ ಮೊಕದ್ದಮೆಯ ಸಂಖ್ಯೆಯನ್ನು ಬರೆಸಿಕೊಳ್ಳಲಿ. ಮಗನು ಒಳಹೋದ ದಿನಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ. ಅರುವತ್ತನೆಯ ದಿನಕ್ಕೆ ಇನ್ನೊಂದು.