ಕ್ಲಿನಿಕ್‌ಗೂ ಒಂದು ಪರೀಕ್ಷೆ

ಶಾಲೆಯೊಂದು ಚೆನ್ನಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಹಾಜರಿ ಪುಸ್ತಕ ನೋಡಿದರೆ ಸಾಕೆ? ಎಷ್ಟು ಮಕ್ಕಳು ಬಂದರು ಎಂಬುದು ಗೊತ್ತಾದೀತು. ಏನು ಕಲಿತರು ಎಂಬುದು ಗೊತ್ತಾಗದು. ಕುಟುಂಬ ಯೋಜನೆಯ ಕೇಂದ್ರಗಳ ವಿಷಯದಲ್ಲೂ ಬಹಳ ಕಾಲ ಹೀಗೆಯೇ ನಡೆಯಿತು. ಎಷ್ಟು ಗುಳಿಗೆ ಹಂಚಿದರು, ಎಷ್ಟು ಚುಚ್ಚುಮದ್ದು ಕೊಟ್ಟರು ಎಂಬ ಲೆಕ್ಕ ಕಡತ ಸೇರುತ್ತಿತ್ತು. ಕೇಂದ್ರಕ್ಕೆ ಬಂದ ಮಹಿಳೆ ಏನು ಕೇಳಿದಳು, ಆಕೆಗೆ ಏನು ಹೇಳಿದರು ಎಂಬುದನ್ನು ವಿಚಾರಿಸುವವರು ಕಡಿಮೆ. ಈ ಕೊರತೆಯನ್ನು ತುಂಬುವ ಒಂದು ದೊಡ್ಡ ಪ್ರಯತ್ನ ಶುರುವಾದದ್ದು ಆಫ್ರಿಕ ಖಂಡದಲ್ಲಿ.

ಕೀನ್ಯಾದಲ್ಲಿ ಮೊದಲ ಹೆಜ್ಜೆ

1970ರ ದಶಕದ ಕೊನೆಯಲ್ಲಿ ಕೀನ್ಯಾದ ಮಹಿಳೆಗೆ ಸರಾಸರಿ ಎಂಟು ಮಕ್ಕಳು. ಸರಕಾರ ದೇಶದ ಉದ್ದಗಲಕ್ಕೂ ಕುಟುಂಬ ಯೋಜನೆಯ ಕೇಂದ್ರಗಳನ್ನು ತೆರೆದಿತ್ತು. ಅವುಗಳ ಒಳಗೆ ನಿಜಕ್ಕೂ ಏನು ನಡೆಯುತ್ತಿದೆ ಎಂದು ತಿಳಿಯಲು 1989ರಲ್ಲಿ 99 ಕೇಂದ್ರಗಳ ಸಮೀಕ್ಷೆ ನಡೆಯಿತು. ‘ಪಾಪ್ಯುಲೇಷನ್ ಕೌನ್ಸಿಲ್’ ಸಂಸ್ಥೆಯ ಸಂಶೋಧಕರು ರೂಪಿಸಿದ ಈ ವಿಧಾನಕ್ಕೆ ‘ಸ್ಥಿತಿಗತಿ ವಿಶ್ಲೇಷಣೆ’ ಎಂದು ಹೆಸರು. ಮುಂದೆ ಜಿಂಬಾಬ್ವೆ, ಟಾಂಜಾನಿಯಾ, ಘಾನಾ, ಜಾಂಬಿಯಾ, ಬೋಟ್ಸ್‌ವಾನಾ ಮುಂತಾದ ದೇಶಗಳೂ ಇದನ್ನು ಅನುಸರಿಸಿದವು.

ಅಳೆಯಬೇಕಾದರೆ ಮೊದಲು ಅಳತೆಗೋಲು ಬೇಕು. ಗುಣಮಟ್ಟ ಎಂದರೇನು? 1990ರಲ್ಲಿ ಜೂಡಿತ್ ಬ್ರೂಸ್ ಎಂಬ ಸಂಶೋಧಕಿ ಇದಕ್ಕೆ ಆರು ಅಂಶಗಳನ್ನು ಗುರುತಿಸಿದರು: ಹಲವು ವಿಧಾನಗಳಲ್ಲಿ ಆಯ್ಕೆಯ ಅವಕಾಶ, ಸರಿಯಾದ ಮಾಹಿತಿ, ಸಿಬ್ಬಂದಿಯ ತಾಂತ್ರಿಕ ಕೌಶಲ, ಗೌರವದ ನಡವಳಿಕೆ, ಮತ್ತೆ ಬರುವಂತೆ ನೋಡಿಕೊಳ್ಳುವ ವ್ಯವಸ್ಥೆ, ಇತರ ಆರೋಗ್ಯ ಸೇವೆಗಳೊಡನೆ ಹೊಂದಾಣಿಕೆ.

ನಾಲ್ಕು ಕಣ್ಣುಗಳು

ಸಮೀಕ್ಷೆಯ ತಂಡ ಒಂದೊಂದು ಕೇಂದ್ರದಲ್ಲೂ ನಾಲ್ಕು ಕೆಲಸ ಮಾಡುತ್ತಿತ್ತು. ಉಪಕರಣ ಮತ್ತು ಔಷಧಿಗಳ ದಾಸ್ತಾನು ನೋಡುವುದು, ಸಿಬ್ಬಂದಿಯನ್ನು ಪ್ರಶ್ನಿಸುವುದು, ಒಪ್ಪಿಗೆ ಪಡೆದು ದಾದಿ-ಮಹಿಳೆಯರ ಮಾತುಕತೆಯನ್ನು ಗಮನಿಸುವುದು, ಕೊನೆಗೆ ಹೊರಗೆ ಹೊರಟ ಮಹಿಳೆಯನ್ನು ಮಾತನಾಡಿಸುವುದು.

ಒಂದೇ ಸಾಲದೆ? ಸಾಲದು. ರಕ್ತದೊತ್ತಡ ಅಳೆಯುವ ಸಾಧನವನ್ನೇ ತೆಗೆದುಕೊಳ್ಳಿ. ಅದು ಇದೆ ಎಂಬುದನ್ನು ದಾಸ್ತಾನು ಹೇಳುತ್ತದೆ. ‘ನಾನು ತಪ್ಪದೆ ಬಳಸುತ್ತೇನೆ’ ಎಂದು ದಾದಿ ಹೇಳಬಹುದು. ಆದರೆ ಗುಳಿಗೆ ಕೇಳಿ ಬಂದ ಮಹಿಳೆಯ ತೋಳಿಗೆ ಪಟ್ಟಿ ಸುತ್ತಿದರೇ ಎಂಬುದು ಕಣ್ಣಾರೆ ನೋಡಿದವರಿಗೆ ಮಾತ್ರ ಗೊತ್ತು. ಸಾಧನವಿರುವುದು ಬೇರೆ, ಸೇವೆ ಸಿಗುವುದು ಬೇರೆ.

ಇಲ್ಲೊಂದು ತೊಡಕಿದೆ. ಪುಟ್ಟ ಲೋಟದ ಬಿಸಿನೀರಿಗೆ ತಣ್ಣನೆಯ ಥರ್ಮಾಮೀಟರ್ ಅದ್ದಿದರೆ, ಅದು ನೀರಿನ ಶಾಖವನ್ನೇ ಸ್ವಲ್ಪ ಹೀರುತ್ತದೆ. ಅಳೆಯುವ ಸಾಧನವೇ ಅಳತೆಯನ್ನು ಬದಲಿಸುತ್ತದೆ. ಪಕ್ಕದಲ್ಲಿ ವೀಕ್ಷಕ ಕುಳಿತಾಗ ದಾದಿಯೂ ಎಂದಿಗಿಂತ ಮೃದುವಾಗಿ ಮಾತನಾಡುವುದು ಸಹಜ. ಮಹಿಳೆಯರೂ ಅಷ್ಟೆ. ಕೇಂದ್ರದ ಬಾಗಿಲಲ್ಲೇ ‘ತೃಪ್ತಿಯೇ?’ ಎಂದು ಕೇಳಿದರೆ, ದಾಕ್ಷಿಣ್ಯಕ್ಕೆ ‘ಹೌದು’ ಎನ್ನುವವರೇ ಹೆಚ್ಚು. ಅದಕ್ಕಾಗಿ ಕೆಲವು ಅಧ್ಯಯನಗಳಲ್ಲಿ ತರಬೇತಿ ಪಡೆದ ಮಹಿಳೆಯರು ಗ್ರಾಹಕರ ವೇಷದಲ್ಲಿ ಹೋಗಿ ಬಂದು ವರದಿ ಕೊಡುತ್ತಿದ್ದರು.

ಸರಾಸರಿಯಲ್ಲೂ ಎಚ್ಚರ ಬೇಕು. ಹಲವು ದೇಶಗಳಲ್ಲಿ ಕೆಲವೇ ದೊಡ್ಡ ಕೇಂದ್ರಗಳಿಗೆ ಬಹುಪಾಲು ಮಹಿಳೆಯರು ಬರುತ್ತಿದ್ದರು. ಉಳಿದ ಅನೇಕ ಕೇಂದ್ರಗಳಿಗೆ ಬರುವವರು ಬೆರಳೆಣಿಕೆಯಷ್ಟು. ಆಗ ‘ಶೇಕಡ ಇಷ್ಟು ಕೇಂದ್ರಗಳು ಚೆನ್ನಾಗಿವೆ’ ಎಂಬುದಕ್ಕೂ ‘ಶೇಕಡ ಇಷ್ಟು ಮಹಿಳೆಯರಿಗೆ ಒಳ್ಳೆಯ ಸೇವೆ ಸಿಕ್ಕಿತು’ ಎಂಬುದಕ್ಕೂ ಅಜಗಜಾಂತರ.

ಅಳತೆಯಿಂದ ಏನು ಲಾಭ?

ಒಂದು ಉದಾಹರಣೆ ನೋಡೋಣ. ಮುಟ್ಟಿನ ದಿನಗಳಲ್ಲಿ ಬಂದರೆ ಮಾತ್ರ ಗುಳಿಗೆ ಅಥವಾ ಚುಚ್ಚುಮದ್ದು ಕೊಡುವ ರೂಢಿ ಕೀನ್ಯಾದ ಎಷ್ಟೋ ಕೇಂದ್ರಗಳಲ್ಲಿತ್ತು. ಗರ್ಭ ನಿಂತಿಲ್ಲ ಎಂಬುದಕ್ಕೆ ಅದೇ ಪುರಾವೆ ಎಂಬ ನಂಬಿಕೆ. ಬೇರೆ ದಿನ ಬಂದವಳು ಬರಿಗೈಯಲ್ಲಿ ಹಿಂದಿರುಗಬೇಕು. ಮೈಲುಗಟ್ಟಲೆ ನಡೆದು ಬಂದವಳು ಮತ್ತೆ ಬರುವ ಮೊದಲೇ ಗರ್ಭಿಣಿಯಾಗಬಹುದು. ಇದಕ್ಕೆ ಪರಿಹಾರವಾಗಿ ಆರು ಸರಳ ಪ್ರಶ್ನೆಗಳ ಪಟ್ಟಿ ತಯಾರಾಯಿತು. ‘ಕಳೆದ ನಾಲ್ಕು ವಾರಗಳಲ್ಲಿ ಹೆರಿಗೆಯಾಗಿದೆಯೇ?’, ‘ಮುಟ್ಟು ಶುರುವಾಗಿ ಏಳು ದಿನಗಳೊಳಗಿದೆಯೇ?’ ಇಂಥವು. ಒಂದಕ್ಕೆ ‘ಹೌದು’ ಎಂಬ ಉತ್ತರ ಬಂದು, ಗರ್ಭದ ಲಕ್ಷಣಗಳೂ ಇಲ್ಲದಿದ್ದರೆ ಸೇವೆ ಕೊಡಬಹುದು. ಕೀನ್ಯಾದಲ್ಲಿ ಇದನ್ನು ಪರೀಕ್ಷಿಸಿದ ಫಲಿತಾಂಶ 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಪಟ್ಟಿಯ ಪ್ರಕಾರ ಗರ್ಭವಿಲ್ಲ ಎಂದು ತೀರ್ಮಾನವಾದ ಮಹಿಳೆಯರಲ್ಲಿ ಶೇ. 99ಕ್ಕೂ ಹೆಚ್ಚು ಮಂದಿ ನಿಜಕ್ಕೂ ಗರ್ಭಿಣಿಯರಾಗಿರಲಿಲ್ಲ. ಕಾಗದದ ಒಂದು ಹಾಳೆ ದುಬಾರಿ ಪರೀಕ್ಷೆಯ ಕೆಲಸ ಮಾಡಿತು!

ಇನ್ನೊಂದು ಅಳತೆಗೋಲು ಮೂರೇ ಪ್ರಶ್ನೆಗಳದು. ಬೇರೆ ವಿಧಾನಗಳ ಬಗ್ಗೆ ಹೇಳಿದರೇ? ಅಡ್ಡ ಪರಿಣಾಮಗಳ ಬಗ್ಗೆ ಹೇಳಿದರೇ? ಅವು ಕಾಣಿಸಿಕೊಂಡರೆ ಏನು ಮಾಡಬೇಕೆಂದು ಹೇಳಿದರೇ? ಮೂರಕ್ಕೂ ‘ಹೌದು’ ಬಂದರೆ ಮಾತ್ರ ಅಂಕ. ಚುಚ್ಚುಮದ್ದಿನಿಂದ ಮುಟ್ಟು ಏರುಪೇರಾಗಬಹುದು ಎಂದು ಮೊದಲೇ ತಿಳಿದವಳು ಗಾಬರಿಯಾಗುವುದಿಲ್ಲ. ತಿಳಿಯದವಳು ಹೆದರಿ ಬಿಟ್ಟುಬಿಡುತ್ತಾಳೆ.

1994ರಲ್ಲಿ ಆಫ್ರಿಕದ್ದೇ ನಗರವಾದ ಕೈರೋದಲ್ಲಿ ನಡೆದ ಜನಸಂಖ್ಯಾ ಸಮ್ಮೇಳನ, ಸಂಖ್ಯೆಯ ಗುರಿಗಿಂತ ಮಹಿಳೆಯ ಆರೋಗ್ಯ ಮತ್ತು ಆಯ್ಕೆ ಮುಖ್ಯ ಎಂದು ಸಾರಿತು. ನಮ್ಮ ದೇಶವೂ 1996ರಲ್ಲಿ ಗುರಿ ನಿಗದಿಪಡಿಸುವ ಪದ್ಧತಿಯನ್ನು ಕೈಬಿಟ್ಟಿತು. ಕೀನ್ಯಾದಲ್ಲಿ 2022ರ ಸಮೀಕ್ಷೆಯ ವೇಳೆಗೆ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ 3.4ಕ್ಕೆ ಇಳಿದಿತ್ತು. ಶಿಕ್ಷಣ, ಶಿಶುಮರಣದ ಇಳಿಕೆ ಎಲ್ಲವೂ ಇದಕ್ಕೆ ಕಾರಣ. ಕ್ಲಿನಿಕ್‌ಗಳ ಪಾಲೂ ಇದೆ.

ವಿಜ್ಞಾನ ಓದುವ ಮಕ್ಕಳು ಇಲ್ಲಿ ಗಮನಿಸಬೇಕಾದ ಪಾಠವೊಂದಿದೆ. ಪ್ರಯೋಗಾಲಯದ ತಕ್ಕಡಿಯಲ್ಲಿ ತೂಗಲಾಗದ್ದನ್ನೂ ಅಳೆಯಬಹುದು. ಗೌರವ, ವಿಶ್ವಾಸ, ತಿಳುವಳಿಕೆ ಇವೂ ಅಳತೆಗೆ ಸಿಗುತ್ತವೆ, ಪ್ರಶ್ನೆ ಸರಿಯಾಗಿರಬೇಕು ಅಷ್ಟೆ. ಪಾಲಕರಿಗೂ ಒಂದು ಮಾತು: ಯಾವುದೇ ಆಸ್ಪತ್ರೆಗೆ ಹೋದಾಗ ಆ ಮೂರು ಪ್ರಶ್ನೆಗಳನ್ನು ನೀವೂ ಕೇಳಿ. ಬೇರೆ ದಾರಿ ಇದೆಯೇ, ತೊಂದರೆ ಏನು ಬರಬಹುದು, ಬಂದರೆ ಏನು ಮಾಡಬೇಕು? ಉತ್ತರ ಪಡೆಯುವುದು ಬೇಡಿಕೆಯಲ್ಲ, ಹಕ್ಕು.