ಕರಡು ತಿದ್ದುವಾಕೆಯ ನೆಲಮಾಳಿಗೆ

ದಿನವಿಡೀ ತಲೆತಗ್ಗಿಸಿ ಇತರರ ಬರಹದ ಕಾಗುಣಿತ ತಿದ್ದುವ, ಮಧ್ಯಾಹ್ನದ ಊಟಕ್ಕೆ ಯಾರೂ ಜತೆಗೆ ಕರೆಯದ, ಸಂಜೆ ಎಲ್ಲರೂ ಹೋದ ಮೇಲೂ ಮೇಜು ಬಿಟ್ಟೇಳದ ಒಬ್ಬ ನೌಕರೆ ಹಳೆಯ ಕಚೇರಿಗಳಲ್ಲಿ ಅಪರೂಪವೇನಲ್ಲ. ಅಂಥ ನೌಕರೆಯನ್ನೇ ಕೊಲೆಗಾತಿಯನ್ನಾಗಿಸಿ 1997ರಲ್ಲಿ ಅಮೆರಿಕದಲ್ಲಿ ತೆರೆಕಂಡ ಸಣ್ಣ ಬಂಡವಾಳದ ಭಯಾನಕ ಚಿತ್ರ ‘ಆಫೀಸ್ ಕಿಲ್ಲರ್’. ಆ ವರ್ಷ ಆಗಸ್ಟ್‌ನಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಮೊದಲು ಪ್ರದರ್ಶನಗೊಂಡು, ಡಿಸೆಂಬರ್‌ನಲ್ಲಿ ಅಮೆರಿಕದ ಕೆಲವೇ ಚಿತ್ರಮಂದಿರಗಳಿಗೆ ಬಂದು, ಗಲ್ಲಾಪೆಟ್ಟಿಗೆಯಲ್ಲಿ ಒಂದು ಲಕ್ಷ ಡಾಲರ್ ಕೂಡ ಮುಟ್ಟದೆ ಮರೆಯಾದ ಚಿತ್ರವಿದು. ಆದರೂ ಇಂದಿಗೂ ಚಿತ್ರರಸಿಕರು ಇದನ್ನು ಹುಡುಕಿ ನೋಡುತ್ತಾರೆ. ಅದಕ್ಕೆ ಕಾರಣ ರಕ್ತಪಾತವಲ್ಲ. ಕೆಲಸ ಕಳೆದುಕೊಳ್ಳುವ ಭಯವನ್ನು ಇಷ್ಟು ನೇರವಾಗಿ ಹಿಡಿದಿಟ್ಟ ಭಯಾನಕ ಚಿತ್ರಗಳು ಹೆಚ್ಚಿಲ್ಲ.

ಒಬ್ಬ ಕೊಲೆಗಾರ, ಒಂದು ಜಾಗ, ಒಬ್ಬರ ನಂತರ ಒಬ್ಬರಂತೆ ಬಲಿಯಾಗುವ ನಾಲ್ಕಾರು ಮಂದಿ. ‘ಸ್ಲಾಶರ್’ ಎಂದು ಕರೆಯಲ್ಪಡುವ ಚಿತ್ರಗಳ ಸೂತ್ರ ಇಷ್ಟೇ. ಇದು ಬಡ ನಿರ್ಮಾಪಕರ ಪಾಲಿನ ವರ. ಆಲ್‌ಫ್ರೆಡ್ ಹಿಚ್‌ಕಾಕ್ 1960ರಲ್ಲಿ ‘ಸೈಕೋ’ ತಯಾರಿಸಿದಾಗ ತಮ್ಮ ಟಿವಿ ಧಾರಾವಾಹಿಯ ತಂತ್ರಜ್ಞರನ್ನೇ ಬಳಸಿ, ಕಪ್ಪುಬಿಳುಪಿನಲ್ಲಿ ಸುಮಾರು 8 ಲಕ್ಷ ಡಾಲರಿನಲ್ಲಿ ಮುಗಿಸಿದರು. ಸ್ನಾನದ ಮನೆಯ ದೃಶ್ಯದಲ್ಲಿ ಹರಿದ ‘ರಕ್ತ’ ಚಾಕೊಲೇಟ್ ಪಾಕವಾಗಿತ್ತು. ಆ ಚಿತ್ರದ ನಾಯಕಿ ಮೇರಿಯನ್ ಕ್ರೇನ್ ಕೂಡ ಫೀನಿಕ್ಸ್ ನಗರದ ಒಂದು ಆಸ್ತಿ ವ್ಯವಹಾರದ ಕಚೇರಿಯ ನೌಕರೆ, ಬ್ಯಾಂಕಿಗೆ ಕಟ್ಟಬೇಕಾದ 40 ಸಾವಿರ ಡಾಲರ್ ಎತ್ತಿಕೊಂಡು ಓಡಿದವಳು ಎಂಬುದನ್ನು ನೋಡಿದವರೂ ಮರೆತಿರುತ್ತಾರೆ. 1978ರಲ್ಲಿ ಜಾನ್ ಕಾರ್ಪೆಂಟರ್ ಅವರ ‘ಹ್ಯಾಲೊವೀನ್’ ಸುಮಾರು 3 ಲಕ್ಷ ಡಾಲರಿನಲ್ಲಿ ತಯಾರಾಯಿತು. ಕೊಲೆಗಾರನ ಮುಖವಾಡ ಅಂಗಡಿಯಲ್ಲಿ ಎರಡು ಡಾಲರಿಗೂ ಕಡಿಮೆ ಬೆಲೆಗೆ ಸಿಕ್ಕಿದ್ದು. ಕಥೆ ನಡೆಯುವುದು ಎಲೆ ಉದುರುವ ಕಾಲದಲ್ಲಿ, ಚಿತ್ರೀಕರಣ ನಡೆದದ್ದು ಕ್ಯಾಲಿಫೋರ್ನಿಯಾದ ವಸಂತದಲ್ಲಿ. ಹಾಗಾಗಿ ಎಲೆಗಳಿಗೆ ಬಣ್ಣ ಬಳಿದು ಹರಡುವುದು, ದೃಶ್ಯ ಮುಗಿದ ಮೇಲೆ ಗುಡಿಸಿ ಚೀಲಕ್ಕೆ ತುಂಬಿ ಮತ್ತೆ ಬಳಸುವುದು ನಡೆಯಿತು.

ಮನೆ, ಕಾಡು, ಬೇಸಿಗೆ ಶಿಬಿರ ಎಲ್ಲ ಮುಗಿದ ಮೇಲೆ ಇಂಥ ಚಿತ್ರಗಳು ಆಫೀಸಿಗೆ ಬಂದದ್ದು ಸಹಜವೇ. ರಾತ್ರಿಯಾದರೆ ಕಟ್ಟಡ ಖಾಲಿ. ಲಿಫ್ಟು, ಉದ್ದನೆಯ ಓಣಿ, ಮಿಣುಕುವ ಟ್ಯೂಬ್‌ಲೈಟು, ಕಾಗದ ಕತ್ತರಿಸುವ ಯಂತ್ರ ಎಲ್ಲವೂ ಸಿದ್ಧವಾಗಿಯೇ ಇರುತ್ತವೆ; ಸೆಟ್ ಹಾಕುವ ಖರ್ಚಿಲ್ಲ. ಆದರೆ ಬರಿಯ ಅನುಕೂಲಕ್ಕಾಗಿ ಆಫೀಸನ್ನು ಆರಿಸಿಕೊಂಡ ಚಿತ್ರಗಳಿಗೂ ಆಫೀಸಿನ ಬಗ್ಗೆಯೇ ಇರುವ ಚಿತ್ರಕ್ಕೂ ವ್ಯತ್ಯಾಸವಿದೆ. ‘ಆಫೀಸ್ ಕಿಲ್ಲರ್’ ಎರಡನೆಯ ಬಗೆಯದು. ಆರಂಭದಲ್ಲಿ ಕಲಾವಿದರ ಹೆಸರುಗಳು ಕೂಡ ಆಫೀಸಿನ ಸಾಮಾನುಗಳ ಮೇಲೆಯೇ ಹರಿದಾಡುತ್ತವೆ.

ಕಥೆ ನ್ಯೂಯಾರ್ಕಿನ ‘ಕಾನ್‌ಸ್ಟಂಟ್ ಕನ್ಸ್ಯೂಮರ್’ ಎಂಬ ಕಾಲ್ಪನಿಕ ಪತ್ರಿಕೆಯದು. ಡೊರೀನ್ ಡಗ್ಲಸ್ ಅಲ್ಲಿ ಬಹುಕಾಲದಿಂದ ಕರಡು ತಿದ್ದುತ್ತಾ ಬಂದವಳು. ಮನೆಯಲ್ಲಿ ನಡೆದಾಡಲಾಗದ ವೃದ್ಧ ತಾಯಿ. ಪತ್ರಿಕೆಗೆ ಹಣದ ಮುಗ್ಗಟ್ಟು ಬಂದಾಗ ಆಡಳಿತವು ಸಿಬ್ಬಂದಿ ಕಡಿತಕ್ಕೆ ಇಳಿಯುತ್ತದೆ. ಡೊರೀನ್‌ಗೆ ಪೂರ್ಣಾವಧಿ ಕೆಲಸ ಹೋಗಿ ಅರ್ಧಾವಧಿಯಾಗುತ್ತದೆ. ಕೈಗೊಂದು ಲ್ಯಾಪ್‌ಟಾಪ್ ಕೊಟ್ಟು ಇನ್ನು ಮನೆಯಿಂದಲೇ ಕೆಲಸ ಮಾಡು ಎನ್ನುತ್ತಾರೆ. ಮೊದಲ ಸಾವು ಕೊಲೆಯೇ ಅಲ್ಲ. ಒಂದು ರಾತ್ರಿ ಕಚೇರಿಯಲ್ಲಿ ಆಕೆಯ ಜತೆಗಿದ್ದ ಸಹೋದ್ಯೋಗಿಯೊಬ್ಬ ಕರೆಂಟು ಹೊಡೆದು ಸಾಯುತ್ತಾನೆ. ಆಕೆ ಪೊಲೀಸರಿಗೆ ತಿಳಿಸುವುದಿಲ್ಲ. ಶವವನ್ನು ಮನೆಗೆ ಸಾಗಿಸಿ ನೆಲಮಾಳಿಗೆಯಲ್ಲಿ ಕೂರಿಸುತ್ತಾಳೆ. ಮುಂದಿನ ಸಾವುಗಳು ಹಾಗಲ್ಲ, ಲೆಕ್ಕ ಹಾಕಿ ಮಾಡಿದವು. ಅಸ್ತಮಾ ಇರುವ ಸಂಪಾದಕಿಯ ಸಾವಿಗೆ ಆಕೆ ಉಸಿರಿಗೆಳೆದುಕೊಳ್ಳುವ ಔಷಧವೇ ದಾರಿಯಾಗುತ್ತದೆ. ಕಚೇರಿಯಲ್ಲಿ ಒಬ್ಬೊಬ್ಬರಾಗಿ ಕಡಿಮೆಯಾದಂತೆ ನೆಲಮಾಳಿಗೆ ತುಂಬುತ್ತಾ ಹೋಗುತ್ತದೆ. ಜೀವಂತವಿದ್ದಾಗ ಡೊರೀನ್‌ಳ ಕಡೆ ತಿರುಗಿಯೂ ನೋಡದವರು ಈಗ ಆಕೆಯ ಮನೆಯಲ್ಲಿ ಟಿವಿಯ ಮುಂದೆ ಸಾಲಾಗಿ ಕೂತಿರುತ್ತಾರೆ. ಆಕೆ ಅವರನ್ನು ಒರೆಸುತ್ತಾಳೆ, ಒಡೆದ ಕಡೆ ಅಂಟುಪಟ್ಟಿ ಹಚ್ಚುತ್ತಾಳೆ, ಮಾತಾಡಿಸುತ್ತಾಳೆ. ನೋಡಲು ಹೇಸಿಗೆ ಹುಟ್ಟಿಸುವ ದೃಶ್ಯಗಳಿವು, ನಿಜ. ಆದರೆ ಜತೆಗೆ ಕೂತು ಉಣ್ಣುವವರಿಗಾಗಿ ಹಂಬಲಿಸಿದವಳ ಮನಸ್ಸೂ ಅಲ್ಲೇ ಕಾಣುತ್ತದೆ.

ಚಿತ್ರದ ಅತ್ಯಂತ ಚುರುಕಾದ ಭಾಗ ಇಮೇಲಿನದು. 1997ರಲ್ಲಿ ಅನೇಕ ಕಚೇರಿಗಳಿಗೆ ಇಮೇಲ್ ಇನ್ನೂ ಹೊಸತು. ಸತ್ತವರ ಹೆಸರಿನಲ್ಲಿ ಡೊರೀನ್ ಸಂದೇಶ ಕಳುಹಿಸುತ್ತಾಳೆ, ಅವರೆಲ್ಲ ಎಲ್ಲೋ ಇದ್ದಾರೆ ಎಂದು ಕಚೇರಿ ನಂಬುತ್ತದೆ. ಒಬ್ಬ ಮನುಷ್ಯ ಬದುಕಿದ್ದಾನೆ ಎನ್ನಲು ಕಚೇರಿಗೆ ಬೇಕಾದದ್ದು ಪರದೆಯ ಮೇಲಿನ ಎರಡು ಸಾಲು ಮಾತ್ರ. ಸಂಶಯ ಬರುವುದು ಕಿಮ್ ಎಂಬ ಒಬ್ಬ ಯುವತಿಗೆ. ಆಕೆಯ ಮಾತನ್ನು ಕೇಳುವವರಿಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ತಿಂಗಳುಗಟ್ಟಲೆ ಸಹೋದ್ಯೋಗಿಗಳ ಮುಖ ನೋಡದೆ ಮನೆಯಿಂದ ದುಡಿದವರಿಗೆ ಈ ಭಾಗವನ್ನು ವಿವರಿಸಬೇಕಾಗಿಲ್ಲ.

ಈ ಚಿತ್ರದ ನಿರ್ದೇಶಕಿ ಸಿಂಡಿ ಶರ್ಮನ್ ಸಿನಿಮಾದವರಲ್ಲ, ಛಾಯಾಚಿತ್ರ ಕಲಾವಿದೆ. 1954ರಲ್ಲಿ ಜನಿಸಿದ ಇವರು 1977ರಿಂದ 1980ರ ನಡುವೆ ತಮ್ಮನ್ನೇ ನಾನಾ ವೇಷಗಳಲ್ಲಿ ಸೆರೆಹಿಡಿದ ‘ಅನ್‌ಟೈಟಲ್ಡ್ ಫಿಲ್ಮ್ ಸ್ಟಿಲ್ಸ್’ ಎಂಬ ಕಪ್ಪುಬಿಳುಪು ಚಿತ್ರಮಾಲೆಯಿಂದ ಜಗತ್ಪ್ರಸಿದ್ಧರಾದರು. ಎಂದೂ ತಯಾರಾಗದ ಸಿನಿಮಾಗಳ ಸ್ಥಿರಚಿತ್ರಗಳಂತೆ ಕಾಣುವ ಆ ಮಾಲೆಯನ್ನು 1995ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಖರೀದಿಸಿತು. ಆದರೆ ಈ ಸಂದರ್ಭದಲ್ಲಿ ಉಲ್ಲೇಖನೀಯವಾದದ್ದು ಬೇರೆ. ಹೆಸರು ಬರುವ ಮುನ್ನ ಶರ್ಮನ್ ನ್ಯೂಯಾರ್ಕಿನ ‘ಆರ್ಟಿಸ್ಟ್ಸ್ ಸ್ಪೇಸ್’ ಎಂಬ ಕಲಾ ಸಂಸ್ಥೆಯಲ್ಲಿ ಸ್ವಾಗತಕಾರಿಣಿಯಾಗಿ ದುಡಿದವರು. ಕೆಲವು ದಿನ ನರ್ಸಿನ ವೇಷದಲ್ಲೋ ಸೆಕ್ರೆಟರಿಯ ವೇಷದಲ್ಲೋ ಕೆಲಸಕ್ಕೆ ಬಂದು ಮೇಜಿನ ಹಿಂದೆ ಕೂರುತ್ತಿದ್ದರು. ಬಾಗಿಲ ಬಳಿ ಕೂತವಳನ್ನು ಜನ ಎಷ್ಟು ನೋಡುತ್ತಾರೆ, ಎಷ್ಟು ನೋಡುವುದಿಲ್ಲ ಎಂಬುದು ಅವರಿಗೆ ಕೇಳಿ ಗೊತ್ತಾದ ವಿಷಯವಲ್ಲ. ಡೊರೀನ್‌ಳ ದಪ್ಪ ಕನ್ನಡಕ, ತೀಡಿದ ಹುಬ್ಬು, ಮಾಸಿದ ಸ್ವೆಟರ್ ಎಲ್ಲವೂ ಶರ್ಮನ್ ಅವರ ಛಾಯಾಚಿತ್ರದಿಂದಲೇ ಎದ್ದು ಬಂದಂತಿವೆ.

ಡೊರೀನ್ ಪಾತ್ರದಲ್ಲಿ ಕ್ಯಾರಲ್ ಕೇನ್. ‘ಹೆಸ್ಟರ್ ಸ್ಟ್ರೀಟ್’ ಚಿತ್ರಕ್ಕಾಗಿ ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿದ್ದ ಈ ನಟಿ, 1979ರ ‘ವೆನ್ ಎ ಸ್ಟ್ರೇಂಜರ್ ಕಾಲ್ಸ್’ನಲ್ಲಿ ಫೋನಿನ ಸದ್ದಿಗೇ ನಡುಗುವ ಹುಡುಗಿಯಾಗಿದ್ದರು. ಅಂದು ಹೆದರಿದವರೇ ಇಲ್ಲಿ ಹೆದರಿಸುತ್ತಾರೆ. ಅದೂ ಧ್ವನಿ ಏರಿಸದೆ, ಅಷ್ಟೇ ಸಣ್ಣ ದನಿಯಲ್ಲಿ. ಕಿಮ್ ಆಗಿ ಎಂಬತ್ತರ ದಶಕದ ಜನಪ್ರಿಯ ತಾರೆ ಮೊಲ್ಲಿ ರಿಂಗ್‌ವಾಲ್ಡ್ ನಟಿಸಿದ್ದಾರೆ.

ಚಿತ್ರ ಬಂದ ಕಾಲವನ್ನೂ ನೆನೆಯಬೇಕು. 1996ರ ಜನವರಿಯಲ್ಲಿ ಅಮೆರಿಕದ ದೂರವಾಣಿ ಸಂಸ್ಥೆ ಎ.ಟಿ. ಅಂಡ್ ಟಿ. 40 ಸಾವಿರ ಹುದ್ದೆಗಳ ಕಡಿತ ಘೋಷಿಸಿತ್ತು. ‘ಡೌನ್‌ಸೈಸಿಂಗ್’ ಎಂಬ ಮಾತು ಅಲ್ಲಿ ಮನೆಮಾತಾಗಿತ್ತು. ನಮ್ಮಲ್ಲಿ ಅದು ಬೇರೆ ಹೆಸರಿನಲ್ಲಿ ಬಂತು. ಹಗಲು ಹೊಟೇಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು, ಮುಂಬಯಿಯ ಫೋರ್ಟ್ ಪರಿಸರದ ಬ್ಯಾಂಕು-ಕಂಪೆನಿಗಳಲ್ಲಿ ಗುಮಾಸ್ತರಾದ ತುಳು-ಕನ್ನಡಿಗರ ತಲೆಮಾರಿಗೆ ಕಂಪ್ಯೂಟರ್ ಬಂದ ದಿನಗಳು ನೆನಪಿವೆ. 2000-01ರ ಸ್ವಯಂ ನಿವೃತ್ತಿ ಯೋಜನೆಯಲ್ಲಿ ದೇಶದ ಸರಕಾರಿ ಬ್ಯಾಂಕುಗಳಿಂದ ಸುಮಾರು ಒಂದು ಲಕ್ಷ ಮಂದಿ ಹೊರಬಂದರು. ಯೋಜನೆಯ ಹೆಸರಿನಲ್ಲಿ ‘ಸ್ವಯಂ’ ಇತ್ತು; ಮರುದಿನ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆಯೂ ಅನೇಕರಿಗಿತ್ತು. ಡೊರೀನ್‌ಳ ಕೈಗೆ ಲ್ಯಾಪ್‌ಟಾಪ್ ಕೊಡುವ ದೃಶ್ಯ ಅಂಥವರಿಗೆ ಉಳಿದ ಕೊಲೆಗಳಿಗಿಂತ ಹೆಚ್ಚು ತಟ್ಟೀತು.

ಹಾಗೆಂದು ಚಿತ್ರ ಲೋಪರಹಿತವೇನಲ್ಲ. ಬಿಡುಗಡೆಯಾದಾಗ ವಿಮರ್ಶಕರು ಬಹುಮಟ್ಟಿಗೆ ಮೆಚ್ಚಲಿಲ್ಲ, ಅದರಲ್ಲಿ ಅನ್ಯಾಯವೇನೂ ಇಲ್ಲ. ಹೆದರಿಸಬೇಕೋ ನಗಿಸಬೇಕೋ ಎಂಬ ಗೊಂದಲ ಹಲವು ಕಡೆ ಕಾಣುತ್ತದೆ. ಡೊರೀನ್‌ಳ ಬಾಲ್ಯದಲ್ಲಿ ತಂದೆಯ ದೌರ್ಜನ್ಯವಿತ್ತು ಎಂಬ ವಿವರಣೆಯನ್ನು ತಂದು ಸೇರಿಸಿದ್ದು ಕಥೆಯ ಬಲವನ್ನು ಕುಗ್ಗಿಸಿದೆ, ಕಚೇರಿಯೇ ಸಾಕಿತ್ತು. ಬಿಸ್ಕತ್ತು ಮಾರಲು ಮನೆಬಾಗಿಲಿಗೆ ಬರುವ ಎಳೆಯ ಹುಡುಗಿಯರನ್ನೂ ಕೊಲ್ಲಿಸಿದ ಮೇಲೆ ಆಕೆಯ ಬಗ್ಗೆ ಪ್ರೇಕ್ಷಕನಲ್ಲಿದ್ದ ಕನಿಕರ ಅರ್ಧಕ್ಕೆ ಇಳಿಯುತ್ತದೆ. ಅದು ಉದ್ದೇಶಪೂರ್ವಕವೇ ಇರಬಹುದು, ಆದರೆ ದುಬಾರಿಯಾಗಿದೆ.

ನಂತರ ಬಂದವರು ಇದೇ ಹಾದಿಯಲ್ಲಿ ಹೆಚ್ಚು ಗದ್ದಲ ಎಬ್ಬಿಸಿದರು. 2006ರ ಬ್ರಿಟಿಷ್ ಚಿತ್ರ ‘ಸೆವೆರೆನ್ಸ್’ನಲ್ಲಿ ಶಸ್ತ್ರಾಸ್ತ್ರ ಕಂಪೆನಿಯೊಂದರ ನೌಕರರು ಒಗ್ಗಟ್ಟು ಬೆಳೆಸುವ ಪ್ರವಾಸಕ್ಕೆಂದು ಹೋಗಿ ಕಾಡಿನಲ್ಲಿ ಬಲಿಯಾಗುತ್ತಾರೆ. 2016ರ ‘ದಿ ಬೆಲ್ಕೋ ಎಕ್ಸ್‌ಪೆರಿಮೆಂಟ್’ನಲ್ಲಿ ಕೊಲಂಬಿಯಾದ ಬೊಗೋಟ ನಗರದ ಕಚೇರಿಯೊಂದಕ್ಕೆ ಇದ್ದಕ್ಕಿದ್ದಂತೆ ಉಕ್ಕಿನ ಬಾಗಿಲು ಬಿದ್ದು, ಒಳಗಿರುವ 80 ನೌಕರರು ಪರಸ್ಪರ ಕೊಲ್ಲಬೇಕೆಂದು ಧ್ವನಿವರ್ಧಕದಲ್ಲಿ ಆಜ್ಞೆಯಾಗುತ್ತದೆ. ಎರಡರಲ್ಲೂ ಓಟವಿದೆ, ವ್ಯಂಗ್ಯವಿದೆ. ಡೊರೀನ್‌ಳಂಥ ಒಬ್ಬ ಮನುಷ್ಯಳಿಲ್ಲ.

ಶರ್ಮನ್ ಮತ್ತೆ ಪೂರ್ಣಾವಧಿಯ ಕಥಾಚಿತ್ರ ನಿರ್ದೇಶಿಸಲಿಲ್ಲ, ಛಾಯಾಚಿತ್ರಕ್ಕೇ ಮರಳಿದರು. ‘ಆಫೀಸ್ ಕಿಲ್ಲರ್’ 82 ನಿಮಿಷಗಳ ಚಿತ್ರ. ಅಮೆರಿಕದಲ್ಲಿ ಇದಕ್ಕೆ ದೊರೆತದ್ದು ‘ಆರ್’ ಪ್ರಮಾಣಪತ್ರ. ಕೊಳೆತ ಶವಗಳ ದೃಶ್ಯಗಳಿರುವುದರಿಂದ ಮಕ್ಕಳೊಂದಿಗೆ ಕೂತು ನೋಡುವಂಥದ್ದಲ್ಲ, ಊಟದ ಹೊತ್ತಿಗೂ ಅಲ್ಲ. ನೋಡುವವರು ಕೊನೆಯ ದೃಶ್ಯ ಬರುವ ಮುನ್ನ ಏಳಬಾರದು: ಡೊರೀನ್ ಹೊಸ ಉಡುಪು, ಹೊಸ ಕೂದಲಿನೊಂದಿಗೆ ಕಾರಿನಲ್ಲಿ ಹೊರಟಿರುತ್ತಾಳೆ, ಇನ್ನೊಂದು ಆಫೀಸಿನ ಕೆಲಸ ಹುಡುಕಿಕೊಂಡು.