ಮೇಳ ಬಿಟ್ಟ ಮೇಲೆ

ಸೋರೆ ಬುರುಡೆ ನಮಗೆಲ್ಲ ಗೊತ್ತು. ಒಣಗಿಸಿ ಅದರಲ್ಲಿ ಬೀಜ ಇಡುತ್ತೇವೆ. ಆಫ್ರಿಕಾದ ಜನ ಅದರ ಬಾಯಿಗೆ ಚರ್ಮ ಬಿಗಿದು, ಕೋಲು ಸಿಕ್ಕಿಸಿ, ತಂತಿ ಕಟ್ಟಿ ನುಡಿಸುತ್ತಿದ್ದರು. ನಮ್ಮ ಏಕತಾರಿಯ ಹಾಗೆ ಅನ್ನಿ.

ಆ ಜನರನ್ನು ಹಡಗಿನಲ್ಲಿ ತುಂಬಿ ಅಮೆರಿಕಕ್ಕೆ ಸಾಗಿಸಿದರು. ಗುಲಾಮರಾಗಿ ಮಾರಿದರು. ಅವರ ಕೈಯಲ್ಲಿ ಏನೂ ಇರಲಿಲ್ಲ. ವಾದ್ಯ ಮಾಡುವ ವಿದ್ಯೆ ಮಾತ್ರ ತಲೆಯಲ್ಲಿತ್ತು. ಹೊಸ ನೆಲದಲ್ಲಿ ಮತ್ತೆ ವಾದ್ಯ ಮಾಡಿದರು. ಅದೇ ಬಾಂಜೊ. ಬರಬರುತ್ತಾ ಬಿಳಿಯರೂ ಕಲಿತರು. ಕೊನೆಗೆ ಅದು ಬಿಳಿಯರದೇ ವಾದ್ಯ ಅಂತ ಬಹಳ ಜನ ನಂಬಿಬಿಟ್ಟರು.

ಹಾಗಲ್ಲ ಅಂತ ತೋರಿಸಿಕೊಟ್ಟವರಲ್ಲಿ ಒಬ್ಬರು ರಿಯಾನನ್ ಗಿಡೆನ್ಸ್. ಹುಟ್ಟಿದ್ದು 1977ರಲ್ಲಿ, ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದಲ್ಲಿ. ತಾಯಿ ಕಪ್ಪು, ತಂದೆ ಬಿಳಿಯರು. 2005ರಲ್ಲಿ ಇಬ್ಬರು ಗೆಳೆಯರ ಜೊತೆ ಮೇಳ ಕಟ್ಟಿದರು. ಅದರ ಹೆಸರು ಕೆರೊಲಿನಾ ಚಾಕೊಲೇಟ್ ಡ್ರಾಪ್ಸ್. ಮೂವರಿಗೂ ಗುರು ಜೋ ಥಾಮ್ಸನ್ ಎಂಬ ಪಿಟೀಲಿನ ಅಜ್ಜ. ವಯಸ್ಸು ಎಂಬತ್ತು ದಾಟಿತ್ತು. ಅಜ್ಜನ ಮನೆಯಲ್ಲಿ ಎದುರು ಕೂತು ಕೇಳಬೇಕು, ಜೊತೆಗೆ ನುಡಿಸಬೇಕು. ಅದೇ ಪಾಠ. ನಾವು ಸೋಬಾನೆ ಪದ ಕಲಿತದ್ದೂ ಹೀಗೇ ಅಲ್ವಾ?

ಮೇಳಕ್ಕೆ ಹೆಸರು ಬಂತು. 2011ರಲ್ಲಿ ಗ್ರ್ಯಾಮಿ ಎಂಬ ದೊಡ್ಡ ಪ್ರಶಸ್ತಿಯೂ ಬಂತು. ಆಮೇಲೆ ಗೆಳೆಯರು ಒಬ್ಬೊಬ್ಬರಾಗಿ ಬೇರೆ ದಾರಿ ಹಿಡಿದರು. ಗಿಡೆನ್ಸ್ ಒಬ್ಬರೇ ಹಾಡತೊಡಗಿದರು. ಹೆಸರು ಮಾಡಿದ ಮೇಳ ಬಿಟ್ಟು ಹೊಸದಾಗಿ ನಿಲ್ಲೋದು ಸುಲಭದ ಮಾತಲ್ಲ. ಆದರೆ ಅವರು ಹಾಡಿನ ಜೊತೆಗೆ ಹಳೆಯ ಕಾಗದಗಳನ್ನೂ ಹುಡುಕಿ ಓದಿದರು.

ಒಂದು ಜಾಹೀರಾತು ಕಣ್ಣಿಗೆ ಬಿತ್ತು. ಗುಲಾಮಗಿರಿಯ ಕಾಲದ್ದು. ಒಬ್ಬ ಹೆಂಗಸು ಮಾರಾಟಕ್ಕಿದ್ದಾಳೆ. ವಯಸ್ಸು ಸುಮಾರು 22. ಅವಳಿಗೆ 9 ತಿಂಗಳ ಕೂಸಿದೆ. ಕೂಸು ಬೇಕೋ ಬೇಡವೋ, ಅದು ಕೊಳ್ಳುವವರ ಇಷ್ಟ! ಸಂತೆಯಲ್ಲಿ ಹಸು ಮಾರುವಾಗಲೂ ನಾವು ಕರುವಿನ ಬಗ್ಗೆ ಯೋಚಿಸುತ್ತೇವೆ. ಗಿಡೆನ್ಸ್ ಆ ತಾಯಿಯೇ ಮಾತಾಡುವ ಹಾಗೆ ಒಂದು ಹಾಡು ಕಟ್ಟಿದರು. ಅದು 2017ರ ಅವರ ಆಲ್ಬಮ್‌ನಲ್ಲಿದೆ.

ಇನ್ನೊಂದು ಕಾಗದ ಒಮರ್ ಇಬ್ನ್ ಸಯೀದ್ ಬರೆದದ್ದು. ಒಮರ್ ಆಫ್ರಿಕಾದಲ್ಲಿ ಓದು ಬರಹ ಕಲಿತ ವಿದ್ವಾಂಸ. 1807ರಲ್ಲಿ ಚಾರ್ಲ್ಸ್‌ಟನ್ ಎಂಬ ಊರಿನಲ್ಲಿ ಅವರನ್ನು ಮಾರಿದರು. ಆಮೇಲೆ ಅವರು ಉಳಿದದ್ದು ನಾರ್ತ್ ಕೆರೊಲಿನಾದಲ್ಲಿ. ಗುಲಾಮರಿಗೆ ಅಕ್ಷರ ಕಲಿಸುವುದು ಅಲ್ಲಿ ಅಪರಾಧ ಎಂಬ ಕಾನೂನು 1830ರ ಸುಮಾರಿಗೆ ಬಂತು. ಅಕ್ಷರ ಕಂಡರೆ ಒಡೆಯರಿಗೆ ಅಷ್ಟು ಭಯ. 1831ರಲ್ಲಿ ಒಮರ್ ತಮ್ಮ ಬಾಳಿನ ಕಥೆಯನ್ನು ಅರಬ್ಬಿ ಭಾಷೆಯಲ್ಲಿ ಬರೆದಿಟ್ಟರು. ಬಿಡುಗಡೆ ಮಾತ್ರ ಸಿಗಲಿಲ್ಲ. ಗುಲಾಮರಾಗಿಯೇ ತೀರಿಕೊಂಡರು.

ಗಿಡೆನ್ಸ್ ಈ ಕಥೆಯನ್ನು ಆಪೆರಾ ಮಾಡಿದರು. ಆಪೆರಾ ಅಂದರೆ ಹಾಡಿನಲ್ಲೇ ನಡೆಯುವ ನಾಟಕ. ಗಿಡೆನ್ಸ್ ಕಾಲೇಜಿನಲ್ಲಿ ಕಲಿತದ್ದು ಇದನ್ನೇ. ಹಾಡುಗಳ ಮಾತು ಅವರದು. ಸಂಗೀತಕ್ಕೆ ಮೈಕಲ್ ಏಬಲ್ಸ್ ಜೊತೆಯಾದರು. 2022ರಲ್ಲಿ ಅದರ ಮೊದಲ ಪ್ರದರ್ಶನ ಚಾರ್ಲ್ಸ್‌ಟನ್‌ನಲ್ಲೇ ನಡೆಯಿತು. ಹೌದು, ಒಮರ್ ಅವರನ್ನು ಮಾರಿದ ಅದೇ ಊರು. ಮರುವರ್ಷ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು.

2025ರ ಏಪ್ರಿಲ್‌ನಲ್ಲಿ ನಾರ್ತ್ ಕೆರೊಲಿನಾದ ಡರಮ್ ಊರಿನಲ್ಲಿ ಗಿಡೆನ್ಸ್ ಒಂದು ಸಂಗೀತೋತ್ಸವ ನಡೆಸಿದರು. ಹಳೆಯ ಮೇಳದ ಗೆಳೆಯರು ಮತ್ತೆ ಒಂದೇ ವೇದಿಕೆ ಹತ್ತಿದರು. ಕೇಳಲು ಜೋ ಅಜ್ಜ ಇರಲಿಲ್ಲ. ಅವರು 2012ರಲ್ಲೇ ತೀರಿಕೊಂಡಿದ್ದರು.